ಗೇರ್ ಕೂರದಿದ್ದರೆ ಮೊದಲು ನೋಡಬೇಕಾದದ್ದು

ರೋಡ್ ಸೈಕಲ್ಲಿನ ಚೈನ್‌ಗೆ ಎರಡು ಕೆಲಸ. ಪೆಡಲ್ ತುಳಿದ ಬಲವನ್ನು ಹಿಂಚಕ್ರಕ್ಕೆ ಮುಟ್ಟಿಸುವುದು ಮೊದಲನೆಯದು. ಓಡುತ್ತಿರುವಾಗಲೇ ಒಂದು ಹಲ್ಲುಚಕ್ರದಿಂದ ಪಕ್ಕದ್ದಕ್ಕೆ ಹತ್ತುವುದು, ಇಳಿಯುವುದು ಎರಡನೆಯದು. ಗೇರಿಲ್ಲದ ಹಳೆಯ ಕರಿ ಸೈಕಲ್ಲಿನ ಚೈನ್ ಮೊದಲ ಕೆಲಸವನ್ನಷ್ಟೇ ಮಾಡುತ್ತದೆ. ಒಂದೇ ಗೆರೆಯಲ್ಲಿ ಓಡುತ್ತದೆ. ಸಡಿಲಾದರೆ ಹಿಂಚಕ್ರವನ್ನು ಸ್ವಲ್ಪ ಹಿಂದಕ್ಕೆಳೆದು ನಟ್ ಬಿಗಿದರೆ ಸಾಕು. ಗೇರ್ ಸೈಕಲ್ಲಿನ ಚೈನ್ ಅಡ್ಡಕ್ಕೆ ಬಾಗಬೇಕು, ಓರೆಯಾಗಿ ಓಡಬೇಕು, ತುಳಿತದ ಭಾರ ಹೊತ್ತುಕೊಂಡೇ ಜಾಗ ಬದಲಿಸಬೇಕು. ಗೇರ್ ಕೂರುತ್ತಿಲ್ಲ, ತುಳಿದರೆ ಚೈನ್ ಜಾರುತ್ತದೆ, ಕಟಕಟ ಸದ್ದು ನಿಲ್ಲುತ್ತಿಲ್ಲ, ಏರಿನ ಮಧ್ಯೆ ಚೈನ್ ಬಿತ್ತು ಎಂಬ ದೂರುಗಳೆಲ್ಲ ಹುಟ್ಟುವುದು ಈ ಎರಡನೆಯ ಕೆಲಸದಲ್ಲಿ.

ಹಿಂಚಕ್ರದ ಹಬ್‌ಗೆ ಕೂರಿಸಿದ ಹಲ್ಲುಚಕ್ರಗಳ ಗೊಂಚಲಿಗೆ ಕ್ಯಾಸೆಟ್ ಎನ್ನುತ್ತಾರೆ. ಈಗಿನ ರೋಡ್ ಸೈಕಲ್ಲುಗಳ ಕ್ಯಾಸೆಟ್‌ನಲ್ಲಿ ಸಾಮಾನ್ಯವಾಗಿ 8ರಿಂದ 12 ಚಕ್ರಗಳಿರುತ್ತವೆ. ತೀರಾ ಹೊರಗಿನದು ಚಿಕ್ಕದು, ಒಳಕ್ಕೆ ಹೋದಂತೆ ದೊಡ್ಡದು. ಚೈನ್ ಚಿಕ್ಕದರ ಮೇಲಿದ್ದರೆ ತುಳಿತ ಭಾರ, ವೇಗ ಹೆಚ್ಚು. ದೊಡ್ಡದರ ಮೇಲಿದ್ದರೆ ತುಳಿತ ಹಗುರ, ಏರು ಸಲೀಸು. ಪೆಡಲ್ ಬಳಿ ಇರುವ ದೊಡ್ಡ ಹಲ್ಲುಚಕ್ರಗಳು ಚೈನ್‌ರಿಂಗ್‌ಗಳು. ಇವು ಸಾಮಾನ್ಯವಾಗಿ ಎರಡಿರುತ್ತವೆ. 50 ಮತ್ತು 34 ಹಲ್ಲುಗಳ ಜೋಡಿ ಹೆಚ್ಚು ಬಳಕೆಯಲ್ಲಿದೆ. ಚೈನನ್ನು ಅತ್ತಿತ್ತ ಸರಿಸುವ ಸಲಕರಣೆಯೇ ಡಿರೇಲರ್. ಹಿಂದಿನ ಡಿರೇಲರ್‌ನಲ್ಲಿ ಎರಡು ಪುಟ್ಟ ಜಾಕಿ ಚಕ್ರಗಳಿದ್ದು, ಚೈನ್ ಅವುಗಳ ನಡುವೆ ನುಸುಳಿ ಹೋಗುತ್ತದೆ. ಅದರೊಳಗಿನ ಸ್ಪ್ರಿಂಗ್ ಡಿರೇಲರನ್ನು ಸದಾ ಹೊರಕ್ಕೆ, ಚಿಕ್ಕ ಚಕ್ರದ ಕಡೆಗೆ ತಳ್ಳುತ್ತಿರುತ್ತದೆ. ಹ್ಯಾಂಡಲಿನ ಶಿಫ್ಟರ್‌ನಿಂದ ಬರುವ ಕೇಬಲ್ ಅದನ್ನು ಒಳಕ್ಕೆ, ದೊಡ್ಡ ಚಕ್ರದ ಕಡೆಗೆ ಎಳೆಯುತ್ತದೆ. ಒಳಕ್ಕೆಳೆಯುವುದು ಕೇಬಲ್, ಹೊರಕ್ಕೆ ತಳ್ಳುವುದು ಸ್ಪ್ರಿಂಗ್. ಇದೊಂದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಬರುವ ಅನೇಕ ದೋಷಗಳ ಮೂಲ ತಾನಾಗಿ ತಿಳಿಯುತ್ತದೆ.

ಡಿರೇಲರ್ ಹಳೆಯ ಸಾಧನ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಅದಕ್ಕೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಸ್ಪರ್ಧಿಗಳು ಬೆಟ್ಟದ ಬುಡದಲ್ಲಿ ಇಳಿದು, ಹಿಂಚಕ್ರ ಕಳಚಿ, ಇನ್ನೊಂದು ಮಗ್ಗುಲಿನಲ್ಲಿದ್ದ ಹಲ್ಲುಚಕ್ರ ಬಳಸಲು ತಿರುಗಿಸಿ ಹಾಕಿಕೊಳ್ಳಬೇಕಿತ್ತು. ಡಿರೇಲರ್ ಬಂದ ಮೇಲೂ ದಶಕಗಳ ಕಾಲ ಗೇರಿನ ಸಣ್ಣ ಕಡ್ಡಿಯಲ್ಲಿ ಕ್ಲಿಕ್ ಇರಲಿಲ್ಲ. ಸವಾರ ಕಡ್ಡಿಯನ್ನು ಅಂದಾಜಿನಲ್ಲಿ ಎಳೆದು, ಸದ್ದು ಕೇಳಿ, ಚೂರು ಹಿಂದೆಮುಂದೆ ಮಾಡಿ ಚೈನನ್ನು ಸರಿಯಾದ ಹಲ್ಲಿನ ಮೇಲೆ ಕೂರಿಸುತ್ತಿದ್ದ. 1984ರಲ್ಲಿ ಜಪಾನಿನ ಶಿಮಾನೊ ಕಂಪನಿ ತನ್ನ ಡ್ಯುರಾ-ಏಸ್ ಶ್ರೇಣಿಯಲ್ಲಿ ಒಂದು ಕ್ಲಿಕ್‌ಗೆ ಒಂದು ಗೇರ್ ಎಂಬ ವ್ಯವಸ್ಥೆ ತಂದಿತು. 1990ರಲ್ಲಿ ಗೇರ್ ಮತ್ತು ಬ್ರೇಕ್ ಒಂದೇ ಲಿವರಿಗೆ ಬಂದವು. ಸವಾರನಿಗೆ ಇದರಿಂದ ದೊಡ್ಡ ಅನುಕೂಲವಾಯಿತು. ಆದರೆ ಕೈಯಂದಾಜಿನಲ್ಲಿ ಸರಿದೂಗಿಸಿಕೊಳ್ಳುವ ಅವಕಾಶ ತಪ್ಪಿತು. ಒಂದು ಕ್ಲಿಕ್‌ಗೆ ಕೇಬಲ್ ಸರಿಯುವುದು ಮೂರು ಮಿಲಿಮೀಟರಿನ ಆಸುಪಾಸು. ಏಳು ಚಕ್ರದ ಕ್ಯಾಸೆಟ್‌ನಲ್ಲಿ ಒಂದು ಚಕ್ರಕ್ಕೂ ಪಕ್ಕದ್ದಕ್ಕೂ ಸುಮಾರು 5 ಮಿ.ಮೀ. ಅಂತರವಿತ್ತು, 11 ಚಕ್ರದ್ದರಲ್ಲಿ ಅದು 4 ಮಿ.ಮೀ.ಗೂ ಕಡಿಮೆ. ಹೀಗಾಗಿ ಕೇಬಲ್ ಅರ್ಧ ಮಿಲಿಮೀಟರ್ ತಪ್ಪಿದರೂ ಚೈನ್ ಎರಡು ಚಕ್ರಗಳ ನಡುವೆ ತಡವರಿಸುತ್ತದೆ.

ಗೇರ್ ಕೆಟ್ಟ ಕೂಡಲೇ ಬಹಳ ಮಂದಿ ಕೈಹಾಕುವುದು ಡಿರೇಲರ್‌ನ ಬೆನ್ನಿಗಿರುವ ಎರಡು ಸಣ್ಣ ಸ್ಕ್ರೂಗಳಿಗೆ. ಸೈಕಲ್ಲಿಗೆ ಆಗುವ ಅನ್ಯಾಯಗಳಲ್ಲಿ ಇದು ಮೊದಲನೆಯದು. ಲಿಮಿಟ್ ಸ್ಕ್ರೂಗಳೆಂಬ ಇವಕ್ಕೂ ಗೇರ್ ಬದಲಾಗುವುದಕ್ಕೂ ನೇರ ಸಂಬಂಧವಿಲ್ಲ. ಡಿರೇಲರ್ ಹೊರಗೆ ಎಲ್ಲಿಯವರೆಗೆ ಹೋಗಬಹುದು, ಒಳಗೆ ಎಲ್ಲಿಯವರೆಗೆ ಬರಬಹುದು ಎಂಬ ಎರಡು ಗಡಿಗಳನ್ನಷ್ಟೇ ಅವು ಕಾಯುತ್ತವೆ. ನಿನ್ನೆಯವರೆಗೆ ಸರಿಯಿದ್ದ ಗೇರ್ ಇವತ್ತು ಕೈಕೊಟ್ಟರೆ ಅದಕ್ಕೆ ಈ ಸ್ಕ್ರೂಗಳು ಕಾರಣವಾಗಿರುವುದು ತೀರಾ ಅಪರೂಪ. ಒಮ್ಮೆ ಸರಿಯಾಗಿ ಕೂರಿಸಿದ ಸ್ಕ್ರೂ ತಾನಾಗಿ ತಿರುಗುವುದಿಲ್ಲ. ಬದಲಾಗುವಂಥವು ಬೇರೆ ಇವೆ. ಬಿದ್ದಾಗ ಹ್ಯಾಂಗರ್ ಬಾಗುತ್ತದೆ, ದಿನ ಕಳೆದಂತೆ ಕೇಬಲ್ ಕೊಳೆಯಾಗುತ್ತದೆ, ಓಡಿದಂತೆ ಚೈನ್ ಸವೆಯುತ್ತದೆ. ಹುಡುಕಾಟ ಇಲ್ಲಿಂದ ಶುರುವಾಗಬೇಕು. ಹಾಗಲ್ಲದೆ ಸ್ಕ್ರೂಗಳನ್ನು ತಿರುಗಿಸಿಬಿಟ್ಟರೆ ಮೂಲದ ದೋಷ ಇದ್ದಲ್ಲೇ ಇದ್ದು, ಅದರ ಮೇಲೆ ಇನ್ನೊಂದು ದೋಷ ಸೇರಿಕೊಳ್ಳುತ್ತದೆ.

ಹ್ಯಾಂಗರ್ ಎಂದರೆ ಹಿಂದಿನ ಡಿರೇಲರನ್ನು ಫ್ರೇಮಿಗೆ ಹಿಡಿದಿಡುವ ಅಲ್ಯುಮಿನಿಯಂ ತುಂಡು. ಹೆಬ್ಬೆರಳಿನಷ್ಟು ಉದ್ದದ ಈ ತುಂಡನ್ನು ಬೇಕೆಂದೇ ಮೆದುವಾಗಿ ಮಾಡಿರುತ್ತಾರೆ. ಸೈಕಲ್ ಬಲಮಗ್ಗುಲಿಗೆ ಬಿದ್ದರೆ ಫ್ರೇಮಾಗಲಿ ಡಿರೇಲರಾಗಲಿ ಮುರಿಯದೆ, ಅಗ್ಗದ ಈ ತುಂಡು ಬಾಗಿ ಅವೆರಡನ್ನೂ ಉಳಿಸಬೇಕು ಎಂಬುದು ಉದ್ದೇಶ. ಬೀಳಲೇಬೇಕೆಂದಿಲ್ಲ, ಬಸ್ಸಿನ ಲಗೇಜ್ ಜಾಗದಲ್ಲೋ ಕಾರಿನ ಡಿಕ್ಕಿಯಲ್ಲೋ ಬಲಮಗ್ಗುಲು ಕೆಳಗಾಗಿ ಮಲಗಿಸಿದರೂ ಬಾಗಿರುತ್ತದೆ. ಸೈಕಲ್ಲಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಚೈನ್ ಓಡುತ್ತಿರುವ ಹಲ್ಲುಚಕ್ರವನ್ನೂ ಅದರ ಕೆಳಗಿನ ಎರಡು ಜಾಕಿ ಚಕ್ರಗಳನ್ನೂ ಒಟ್ಟಿಗೆ ನೋಡಬೇಕು. ಮೂರೂ ಒಂದೇ ನೇರದಲ್ಲಿದ್ದರೆ ಸರಿ. ಕೆಳಗಿನ ಜಾಕಿ ಚಕ್ರ ಕಡ್ಡಿಗಳ ಕಡೆಗೆ ವಾಲಿದ್ದರೆ ಹ್ಯಾಂಗರ್ ಬಾಗಿದೆ ಎಂದೇ ಅರ್ಥ. ಕಣ್ಣಿಗೆ ಕಾಣದಷ್ಟು ಬಾಗಿದ್ದರೂ ಗೇರ್ ಕೆಡಿಸುತ್ತದೆ. ಮೆಕ್ಯಾನಿಕ್‌ಗಳ ಬಳಿ ಇದಕ್ಕೊಂದು ಗೇಜ್ ಇರುತ್ತದೆ. ಡಿರೇಲರ್ ಬಿಚ್ಚಿ, ಅದೇ ತೂತಿಗೆ ಗೇಜಿನ ಉದ್ದನೆಯ ಕೈ ತಿರುಗಿಸಿ ಕೂರಿಸಿ, ಅದರ ತುದಿಗೂ ಚಕ್ರದ ರಿಮ್ಮಿಗೂ ಇರುವ ಅಂತರವನ್ನು ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕು ಕಡೆ ಹೋಲಿಸುತ್ತಾರೆ. ವ್ಯತ್ಯಾಸವಿದ್ದರೆ ಆ ಕೈಯಿಂದಲೇ ಮೆಲ್ಲಗೆ ಬಾಗಿಸಿ ಸರಿಪಡಿಸುತ್ತಾರೆ. ತೀರಾ ಬಾಗಿದ್ದನ್ನು ನೆಟ್ಟಗೆ ಮಾಡಲು ಹೋದರೆ ಲೋಹ ಬಿರುಕು ಬಿಡುತ್ತದೆ, ಹೊಸದು ಹಾಕುವುದೇ ಮೇಲು. ಹ್ಯಾಂಗರಿನ ಆಕಾರ ಒಂದೊಂದು ಮಾದರಿಯ ಸೈಕಲ್ಲಿಗೆ ಒಂದೊಂದು. ಇದ್ದಕ್ಕಿದ್ದಂತೆ ಬೇಕಾದಾಗ ಅಂಗಡಿಯಲ್ಲಿ ಸಿಗದು. ಸೈಕಲ್ ಕೊಂಡ ದಿನವೇ ಒಂದು ಹೆಚ್ಚುವರಿ ಹ್ಯಾಂಗರ್ ಕೊಂಡಿಟ್ಟುಕೊಳ್ಳುವುದು ಜಾಣತನ.

ಹ್ಯಾಂಗರ್ ನೆಟ್ಟಗಿದ್ದರೆ ಮುಂದಿನ ಸರದಿ ಕೇಬಲ್‌ನದು. ಅತಿ ಹೆಚ್ಚು ತೊಂದರೆ ಕೊಡುವುದೂ, ಅತಿ ಕಡಿಮೆ ಗಮನ ಪಡೆಯುವುದೂ ಇದೇ. ಗೇರ್ ಕೇಬಲ್ ಸುಮಾರು 1.2 ಮಿ.ಮೀ. ದಪ್ಪದ ಉಕ್ಕಿನ ಹುರಿ. ಅದು ಹೌಸಿಂಗ್ ಎಂಬ ಕೊಳವೆಯೊಳಗೆ ಜಾರುತ್ತದೆ. ಹೊಸ ಕೇಬಲ್ ಹಾಕಿದ ಮೊದಲ ಕೆಲವು ಸವಾರಿಗಳಲ್ಲಿ ಗೇರ್ ಸ್ವಲ್ಪ ಕದಲುವುದು ಸಹಜ. ಕೇಬಲ್ ಜಗ್ಗಿ ಉದ್ದವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಉಕ್ಕು ಹಾಗೆ ಜಗ್ಗುವುದು ಅತ್ಯಲ್ಪ. ಹೌಸಿಂಗ್‌ನ ತುದಿಗಳು ತಮ್ಮ ಕುಳಿಯಲ್ಲಿ ಅದುಮಿಕೊಂಡು ಗಟ್ಟಿಯಾಗಿ ಕೂರುವುದರಿಂದ ಒಳಗಿನ ಕೇಬಲ್ ಸಡಿಲಾದಂತಾಗುತ್ತದೆ. ಇದಕ್ಕೆ ಮದ್ದು ಸುಲಭ. ಕೇಬಲ್ ಡಿರೇಲರ್ ಒಳಹೊಗುವಲ್ಲಿ ಕೈಯಲ್ಲೇ ತಿರುಗಿಸಬಹುದಾದ ಪುಟ್ಟ ಬಿರಡೆಯಿರುತ್ತದೆ. ಬ್ಯಾರಲ್ ಅಡ್ಜಸ್ಟರ್ ಎಂದು ಅದರ ಹೆಸರು. ಹಿಂದಿನಿಂದ ನೋಡುತ್ತ ಅದನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸಿದರೆ ಕೇಬಲ್ ಬಿಗಿಯಾಗಿ ಡಿರೇಲರ್ ಒಳಕ್ಕೆ ಸರಿಯುತ್ತದೆ. ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಸಡಿಲಾಗಿ ಹೊರಕ್ಕೆ ಬರುತ್ತದೆ. ಒಮ್ಮೆಗೆ ಕಾಲು ಸುತ್ತು ಸಾಕು. ಕಾಲು ಸುತ್ತು ತಿರುಗಿಸಿ, ಪೆಡಲ್ ಆಡಿಸಿ, ಗೇರ್ ಬದಲಿಸಿ, ಕಿವಿಗೊಟ್ಟು ಕೇಳಿ, ಆಮೇಲೆ ಇನ್ನೊಂದು ಕಾಲು ಸುತ್ತು.

ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಗೇರ್ ತಾನೇ ಹೇಳುತ್ತದೆ. ಕ್ಲಿಕ್ ಮಾಡಿದರೂ ಚೈನ್ ದೊಡ್ಡ ಚಕ್ರಕ್ಕೆ ಹತ್ತಲು ಹಿಂಜರಿದರೆ ಕೇಬಲ್ ಸಡಿಲಾಗಿದೆ, ಬಿಗಿ ಮಾಡಬೇಕು. ಹತ್ತಲು ಅಡ್ಡಿಯಿಲ್ಲ, ಚಿಕ್ಕ ಚಕ್ರಕ್ಕೆ ಇಳಿಯುವಾಗ ತಡಮಾಡುತ್ತದೆ ಎಂದಾದರೆ ಕೇಬಲ್ ಅತಿ ಬಿಗಿಯಾಗಿದೆ. ಇಲ್ಲೊಂದು ಮುಖ್ಯ ಸೂಕ್ಷ್ಮವಿದೆ. ಹತ್ತುವುದು ಸರಿಯಾಗುವಂತೆ ಬಿಗಿ ಮಾಡಿದರೆ ಇಳಿಯುವುದು ಕೆಡುತ್ತದೆ, ಇಳಿಯುವುದು ಸರಿಯಾಗುವಂತೆ ಸಡಿಲಿಸಿದರೆ ಹತ್ತುವುದು ಕೆಡುತ್ತದೆ, ಎರಡೂ ಒಟ್ಟಿಗೆ ಸರಿಯಾಗುವ ಬಿಂದುವೇ ಸಿಗುತ್ತಿಲ್ಲ ಎಂಬ ಸ್ಥಿತಿ ಬಂದರೆ ಬಿರಡೆ ತಿರುಗಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು. ಆಗ ಕೊರತೆ ಬಿಗಿತದ್ದಲ್ಲ, ಕೇಬಲ್ ಹೌಸಿಂಗ್‌ನೊಳಗೆ ಉಜ್ಜಿ ಹಿಡಿದುಕೊಳ್ಳುತ್ತಿದೆ. ಎಳೆಯುವಾಗ ಶಿಫ್ಟರಿನ ಬಲ ಆ ಉಜ್ಜುವಿಕೆಯನ್ನು ಮೀರುತ್ತದೆ. ಬಿಡುವಾಗ ಮಾತ್ರ ಡಿರೇಲರ್‌ನ ಸ್ಪ್ರಿಂಗ್ ಒಂಟಿಯಾಗಿ ಕೇಬಲನ್ನು ಹಿಂದಕ್ಕೆಳೆದುಕೊಳ್ಳಬೇಕು, ಅದಕ್ಕೆ ಅಷ್ಟು ಶಕ್ತಿಯಿರುವುದಿಲ್ಲ. ಹೌಸಿಂಗ್‌ನೊಳಗೆ ಮಳೆನೀರು, ಬೆವರು, ಮಣ್ಣು ಸೇರಿ ತುಕ್ಕು ಹಿಡಿದಿರುತ್ತದೆ. ಹೆಚ್ಚಿನ ಸೈಕಲ್ಲುಗಳಲ್ಲಿ ಡಿರೇಲರ್ ಹತ್ತಿರದ ಕೊನೆಯ ಬಾಗು ತುಂಡೇ ಮೊದಲು ಹಾಳಾಗುವುದು. ಹಿಂಚಕ್ರ ಎರಚುವ ಕೆಸರೆಲ್ಲ ಬಂದು ಬೀಳುವುದು ಅಲ್ಲಿಗೇ. ಈ ಸ್ಥಿತಿಯಲ್ಲಿ ಎಣ್ಣೆ ಬಿಡುವುದು ಎರಡು ದಿನದ ಸಮಾಧಾನವಷ್ಟೇ. ಕೇಬಲ್, ಹೌಸಿಂಗ್ ಎರಡನ್ನೂ ಬದಲಿಸುವುದು ನಿಜವಾದ ಪರಿಹಾರ. ಖರ್ಚೂ ಹೆಚ್ಚಿಲ್ಲ.

ಬದಲಿಸುವಾಗ ಬ್ರೇಕಿನ ಹೌಸಿಂಗನ್ನು ಗೇರಿಗೆ ಹಾಕಿಬಿಡುವುದುಂಟು. ಎರಡೂ ಹೊರಗಿನಿಂದ ಕಪ್ಪು ಕೊಳವೆಗಳೇ, ಒಳಗಿನ ರಚನೆ ಬೇರೆ. ಸಾಮಾನ್ಯ ಬ್ರೇಕ್ ಹೌಸಿಂಗ್‌ನಲ್ಲಿ ಉಕ್ಕಿನ ಪಟ್ಟಿ ಸುರುಳಿಯಾಗಿ ಸುತ್ತಿರುತ್ತದೆ. ಅದು ಬಲವಾದದ್ದು, ಆದರೆ ಒತ್ತಿದರೆ ಚೂರು ಕುಗ್ಗುತ್ತದೆ. ಗೇರ್ ಹೌಸಿಂಗ್‌ನಲ್ಲಿ ತಂತಿಗಳು ಉದ್ದಕ್ಕೆ ಸಾಲಾಗಿರುತ್ತವೆ, ಕುಗ್ಗುವುದಿಲ್ಲ. ಆದ್ದರಿಂದ ಕ್ಲಿಕ್ ನಿಖರವಾಗಿ ತಲುಪುತ್ತದೆ. ಗೇರಿಗೆ ಬ್ರೇಕಿನದನ್ನು ಹಾಕಿದರೆ ಗೇರ್ ಕೂರದು. ಬ್ರೇಕಿಗೆ ಗೇರಿನದನ್ನು ಹಾಕಿದರೆ ಜೋರಾಗಿ ಬ್ರೇಕ್ ಹಿಡಿದ ಹೊತ್ತಿನಲ್ಲಿ ಅದು ಒಡೆದು ಬಾಯಿಬಿಡಬಹುದು, ಪ್ರಾಣಕ್ಕೇ ಸಂಚಕಾರ. ಇನ್ನೊಂದು ಮರೆಯಾದ ಜಾಗ ಶಿಫ್ಟರಿನ ಒಳಭಾಗ. ಅಲ್ಲಿ ಕೇಬಲ್ ಬಿಗಿಯಾದ ತಿರುವಿನಲ್ಲಿ ಪದೇ ಪದೇ ಬಾಗಿ, ಅದರ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಹೊರಗೆ ಏನೂ ಕಾಣದು. ಇದ್ದಕ್ಕಿದ್ದಂತೆ ಗೇರ್ ಬಿಗಿಯಾಗಿ, ದಿನದಿನಕ್ಕೂ ಟ್ಯೂನಿಂಗ್ ತಪ್ಪುತ್ತಾ ಹೋದರೆ ಅನುಮಾನ ಇಲ್ಲಿಗೆ ಹೋಗಬೇಕು. ಪೂರ್ತಿ ತುಂಡಾಗುವ ಮೊದಲೇ ಕೇಬಲ್ ತೆಗೆಯಬೇಕು. ಆಮೇಲಾದರೆ ಅದರ ತಲೆ, ಮುರಿದ ಎಳೆಗಳು ಶಿಫ್ಟರಿನೊಳಗೆ ಸಿಕ್ಕಿಕೊಂಡು ಚಿಮಟದಲ್ಲಿ ಹೆಕ್ಕುವ ಕೆಲಸವಾಗುತ್ತದೆ.

ಹ್ಯಾಂಗರ್, ಕೇಬಲ್ ಎರಡೂ ಸರಿಯಿವೆ ಎಂದು ಖಾತ್ರಿಯಾದ ಮೇಲಷ್ಟೇ ಲಿಮಿಟ್ ಸ್ಕ್ರೂಗಳ ಮಾತು. ಹೊಸ ಡಿರೇಲರ್, ಹೊಸ ಹ್ಯಾಂಗರ್ ಅಥವಾ ಬೇರೆ ಹಿಂಚಕ್ರ ಹಾಕಿದಾಗ ಇವನ್ನು ನೋಡಲೇಬೇಕು. ಎಚ್ ಎಂಬ ಗುರುತಿನದು ಅತಿ ಚಿಕ್ಕ ಚಕ್ರದ ಕಡೆಯ ಗಡಿ, ಎಲ್ ಗುರುತಿನದು ಅತಿ ದೊಡ್ಡ ಚಕ್ರದ ಕಡೆಯ ಗಡಿ. ಎಚ್ ಸಡಿಲಾಗಿದ್ದರೆ ಚೈನ್ ಚಿಕ್ಕ ಚಕ್ರವನ್ನೂ ದಾಟಿ ಚಕ್ರಕ್ಕೂ ಫ್ರೇಮಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಎಲ್ ಸಡಿಲಾಗಿದ್ದರೆ ಚೈನ್ ದೊಡ್ಡ ಚಕ್ರವನ್ನು ದಾಟಿ ಕಡ್ಡಿಗಳೊಳಗೆ ಬೀಳುತ್ತದೆ. ಈ ಎರಡನೆಯದು ಬಹಳ ಅಪಾಯಕಾರಿ. ಏರಿನಲ್ಲಿ ಎದ್ದು ನಿಂತು ತುಳಿಯುವಾಗಲೇ ಸವಾರ ಕೊನೆಯ ಗೇರಿಗೆ ಹೋಗುವುದು. ಆ ಕ್ಷಣದಲ್ಲಿ ಡಿರೇಲರ್ ಕಡ್ಡಿಗೆ ಸಿಕ್ಕರೆ ಡಿರೇಲರ್, ಹ್ಯಾಂಗರ್, ಕಡ್ಡಿಗಳು ಒಟ್ಟಿಗೇ ಹೋಗುತ್ತವೆ, ಹಿಂಚಕ್ರ ಅಲ್ಲೇ ಕಚ್ಚಿಕೊಳ್ಳುತ್ತದೆ. ಬಿ ಎಂಬ ಮೂರನೆಯ ಸ್ಕ್ರೂ ಮೇಲಿನ ಜಾಕಿ ಚಕ್ರಕ್ಕೂ ಕ್ಯಾಸೆಟ್‌ಗೂ ಇರುವ ಅಂತರವನ್ನು ನೋಡಿಕೊಳ್ಳುತ್ತದೆ. ಸಾಮಾನ್ಯ ರೋಡ್ ಸೈಕಲ್ಲಿಗೆ ಐದಾರು ಮಿಲಿಮೀಟರ್ ಸಾಕು. ಎರಡೂ ತಾಗುವಷ್ಟು ಹತ್ತಿರವಿದ್ದರೆ ದೊಡ್ಡ ಚಕ್ರದಲ್ಲಿ ಗರಗರ ಸದ್ದು ಬರುತ್ತದೆ. ತೀರಾ ದೂರವಿದ್ದರೆ ಗೇರ್ ಮಂದವಾಗುತ್ತದೆ.

ಮುಂದಿನ ಡಿರೇಲರ್ ನೋಡಲು ಸರಳ, ಹೊಂದಿಸಲು ಹಠಮಾರಿ. ಅದು ಎರಡು ಫಲಕಗಳ ಪಂಜರ. ಹೊರಫಲಕದ ಅಂಚು ದೊಡ್ಡ ಚೈನ್‌ರಿಂಗ್‌ನ ಹಲ್ಲುಗಳಿಗಿಂತ ಒಂದರಿಂದ ಮೂರು ಮಿ.ಮೀ. ಮೇಲಿರಬೇಕು, ಮೇಲಿನಿಂದ ನೋಡಿದರೆ ರಿಂಗ್‌ಗೆ ಸಮಾನಾಂತರವಾಗಿರಬೇಕು. ಎತ್ತರ, ಕೋನ ಇವೆರಡು ತಪ್ಪಿದ್ದರೆ ಸ್ಕ್ರೂ ತಿರುಗಿಸಿ ಪ್ರಯೋಜನವಿಲ್ಲ. ಎರಡು ಚೈನ್‌ರಿಂಗ್‌ಗಳ ನಡುವೆ ಹದಿನಾರು ಹಲ್ಲಿನ ವ್ಯತ್ಯಾಸವಿರುವುದರಿಂದ ಇಲ್ಲಿ ಚೈನ್ ಒಮ್ಮೆಲೇ ದೊಡ್ಡ ಜಿಗಿತ ಜಿಗಿಯಬೇಕು, ಅದೂ ತುಳಿತದ ಪೂರ್ಣ ಭಾರ ಬೀಳುವ ಮೇಲ್ಭಾಗದಲ್ಲಿ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ವೇಗ ತಡೆಯದೆ ಒಳಗೆ, ಫ್ರೇಮಿನ ಕಡೆಗೆ ಬಿದ್ದುಬಿಡುತ್ತದೆ. ಒಳಗಡಿಯ ಸ್ಕ್ರೂವನ್ನು ಹೊಂದಿಸುವಾಗ ಚೈನನ್ನು ಮುಂದೆ ಚಿಕ್ಕದು, ಹಿಂದೆ ಅತಿ ದೊಡ್ಡದು ಇರುವ ಜೋಡಿಗೆ ತಂದು, ಒಳಫಲಕಕ್ಕೂ ಚೈನ್‌ಗೂ ಕೂದಲೆಳೆಯ ಅಂತರ ಬಿಡಬೇಕು. ಅಷ್ಟಾದರೂ ಬೀಳುವ ಸೈಕಲ್ಲಿಗೆ ಚೈನ್ ಕ್ಯಾಚರ್ ಎಂಬ ಸಣ್ಣ ತಡೆಕಡ್ಡಿ ಸಿಗುತ್ತದೆ.

ಬಿದ್ದ ಚೈನ್‌ನ ಬೆಲೆ ಎಷ್ಟೆಂಬುದನ್ನು ಇಡೀ ಜಗತ್ತು 2010ರ ಟೂರ್ ಡಿ ಫ್ರಾನ್ಸ್‌ನಲ್ಲಿ ನೋಡಿತು. ಹದಿನೈದನೆಯ ಹಂತದಲ್ಲಿ, ಪಿರೆನೀಸ್ ಪರ್ವತದ ಪೋರ್ಟ್ ಡಿ ಬಾಲೆಸ್ ಏರಿನಲ್ಲಿ, ಹಳದಿ ಅಂಗಿ ತೊಟ್ಟು ಮುನ್ನಡೆಯಲ್ಲಿದ್ದ ಲಕ್ಸೆಂಬರ್ಗ್‌ನ ಆಂಡಿ ಶ್ಲೆಕ್ ಎದ್ದು ನಿಂತು ಓಟ ಕಿತ್ತ ಹೊತ್ತಿಗೆ ಚೈನ್ ಕಳಚಿತು. ಅವರು ಇಳಿದು ಅದನ್ನು ಹಾಕಿಕೊಳ್ಳುವಷ್ಟರಲ್ಲಿ ಸ್ಪೇನಿನ ಆಲ್ಬರ್ಟೊ ಕಾಂಟಡೋರ್ ಮುಂದೆ ಹೋಗಿಯಾಗಿತ್ತು. ಆ ದಿನ ಶ್ಲೆಕ್ ಕಳೆದುಕೊಂಡದ್ದು 39 ಸೆಕೆಂಡು. ಪ್ಯಾರಿಸ್ ತಲುಪಿದಾಗ ಅವರು ಹಿಂದೆ ಬಿದ್ದದ್ದೂ ಅಷ್ಟೇ ಸೆಕೆಂಡಿನಿಂದ. ಉದ್ದೀಪನ ಮದ್ದಿನ ಪ್ರಕರಣದಲ್ಲಿ ಕಾಂಟಡೋರ್ ಪ್ರಶಸ್ತಿ ಕಳೆದುಕೊಂಡು 2012ರಲ್ಲಿ ಗೆಲುವು ಶ್ಲೆಕ್ ಹೆಸರಿಗೆ ಬಂತಾದರೂ ಆ ಏರಿನ ಚಿತ್ರ ಸೈಕ್ಲಿಂಗ್ ಬಲ್ಲವರ ಮನಸ್ಸಿನಿಂದ ಹೋಗಿಲ್ಲ. ಭಾರ ಹಾಕಿ ತುಳಿಯುತ್ತಿರುವಾಗ ಗೇರ್ ಬದಲಿಸಿದರೆ ಎಷ್ಟು ಒಳ್ಳೆಯ ಸೈಕಲ್ಲಿನ ಚೈನ್ ಆದರೂ ತತ್ತರಿಸುತ್ತದೆ. ನಂದಿ ಬೆಟ್ಟಕ್ಕೆ ವಾರಾಂತ್ಯದ ಬೆಳಗ್ಗೆ ಹತ್ತುವವರಲ್ಲಿ ಅನೇಕರು ಏರು ಕಡಿದಾಗುವ ತಿರುವಿನವರೆಗೂ ದೊಡ್ಡ ಚೈನ್‌ರಿಂಗ್‌ನಲ್ಲೇ ಹೋಗಿ, ಕಾಲು ಸೋತ ಮೇಲೆ ಚಿಕ್ಕದಕ್ಕೆ ಇಳಿಸುತ್ತಾರೆ. ಚೈನ್ ಬೀಳುವುದು ಆಗಲೇ. ಏರು ಬರುವ ಮೊದಲೇ, ಪೆಡಲ್ ಇನ್ನೂ ಹಗುರಾಗಿ ತಿರುಗುತ್ತಿರುವಾಗ, ಇಳಿಸಬೇಕು. ತಡವಾಯಿತೆಂದಾದರೆ ಕ್ಲಿಕ್ ಮಾಡುವ ಅರ್ಧ ಸುತ್ತಿನಷ್ಟು ಕಾಲ ತುಳಿತದ ಬಲ ತಗ್ಗಿಸಿದರೂ ನಡೆಯುತ್ತದೆ. ಚೈನ್ ಒಳಗೆ ಬಿದ್ದೇ ಬಿಟ್ಟರೆ, ಸಿಕ್ಕಿಕೊಂಡಿಲ್ಲವಾದಲ್ಲಿ, ಇಳಿಯದೆಯೇ ಮೆಲ್ಲಗೆ ತುಳಿಯುತ್ತ ಮುಂದಿನ ಶಿಫ್ಟರನ್ನು ದೊಡ್ಡ ರಿಂಗ್ ಕಡೆಗೆ ಒತ್ತಿದರೆ ಎಷ್ಟೋ ಸಲ ಡಿರೇಲರೇ ಅದನ್ನು ಎತ್ತಿ ಹಲ್ಲಿನ ಮೇಲೆ ಕೂರಿಸುತ್ತದೆ.

ಮುಂದೆ ದೊಡ್ಡದು, ಹಿಂದೆ ಅತಿ ದೊಡ್ಡದು. ಅಥವಾ ಮುಂದೆ ಚಿಕ್ಕದು, ಹಿಂದೆ ಅತಿ ಚಿಕ್ಕದು. ಈ ಎರಡು ಜೋಡಿಗಳಲ್ಲಿ ಚೈನ್ ಅತಿ ಓರೆಯಾಗಿ ಓಡಿ ಮುಂದಿನ ಪಂಜರಕ್ಕೆ ಉಜ್ಜುತ್ತದೆ. ಇದನ್ನು ದೋಷವೆಂದು ಅಂಗಡಿಗೆ ಒಯ್ಯುವವರಿದ್ದಾರೆ. ಹಲವು ಶಿಫ್ಟರ್‌ಗಳಲ್ಲಿ ಪಂಜರವನ್ನು ಚೂರೇ ಸರಿಸುವ ಅರ್ಧ ಕ್ಲಿಕ್ ಇರುತ್ತದೆ, ಅದನ್ನು ಬಳಸಿದರೆ ಸದ್ದು ನಿಲ್ಲುತ್ತದೆ.

ಇನ್ನು ಚೈನ್‌ನ ವಿಚಾರ. ರೋಲರ್ ಚೈನನ್ನು ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ ರೂಪಿಸಿದ್ದು 1880ರಲ್ಲಿ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ., ಎಂಬ ಅಳತೆಯನ್ನು ಸೈಕಲ್ಲುಗಳು ಇಂದಿಗೂ ಪಾಲಿಸುತ್ತವೆ. 8 ಗೇರಿನದಾಗಲಿ 12 ಗೇರಿನದಾಗಲಿ ಈ ಅಳತೆ ಒಂದೇ, ಬದಲಾಗಿರುವುದು ಅಗಲ. ಗೇರುಗಳ ಸಂಖ್ಯೆ ಹೆಚ್ಚಿದಂತೆ ಚೈನ್ ತೆಳುವಾಗಿದೆ. 8 ಗೇರಿನ ಚೈನ್ ಹೊರಗಿನಿಂದ ಸುಮಾರು 7 ಮಿ.ಮೀ. ಅಗಲವಿದ್ದರೆ 11 ಗೇರಿನದು ಸುಮಾರು ಐದೂವರೆ. ಹಾಗಾಗಿ ಕ್ಯಾಸೆಟ್ ಎಷ್ಟು ಚಕ್ರದ್ದೋ ಅಷ್ಟಕ್ಕೇ ಮಾಡಿದ ಚೈನ್ ಕೊಳ್ಳಬೇಕು.

ಚೈನ್ ಎಳೆದೆಳೆದು ಹಿಗ್ಗುತ್ತದೆ ಎಂಬ ಮಾತು ರೂಢಿಯಲ್ಲಿದೆ. ಆದರೆ ಉಕ್ಕಿನ ಫಲಕಗಳು ಹಿಗ್ಗುವುದಿಲ್ಲ. ಪ್ರತಿ ಕೊಂಡಿಯಲ್ಲೂ ಪಿನ್ನು ತಾನು ಕೂತ ತೂತಿನ ಗೋಡೆಗೆ ಉಜ್ಜುತ್ತದೆ. ನಡುವೆ ಸೇರಿದ ನುಣ್ಣನೆಯ ಮಣ್ಣು ಸಾಣೆ ಹಿಡಿಯುತ್ತದೆ. ಒಂದೊಂದು ಕೊಂಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸವೆತ, ನೂರು ಚಿಲ್ಲರೆ ಕೊಂಡಿಗಳಲ್ಲಿ ಕೂಡಿ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ಹಲ್ಲಿನ ಬುಡದಲ್ಲಿ ಕೂರದೆ ನೆತ್ತಿಯ ಕಡೆಗೆ ಏರುತ್ತದೆ, ಹಲ್ಲನ್ನು ಒಂದೇ ಮಗ್ಗುಲಿಗೆ ತಿನ್ನುತ್ತದೆ. ಸರಿಯಾದ ಹಲ್ಲು ಎರಡೂ ಕಡೆ ಸಮನಾಗಿರುತ್ತದೆ. ಸವೆದದ್ದು ಶಾರ್ಕ್ ಮೀನಿನ ಬೆನ್ನುರೆಕ್ಕೆಯಂತೆ ಒಂದು ಕಡೆಗೆ ಕೊಕ್ಕೆಯಾಗುತ್ತದೆ.

ಸವೆತ ಅಳೆಯಲು ಚೈನ್ ಚೆಕರ್ ಎಂಬ ಉಪಕರಣವಿದೆ. ಅದಿಲ್ಲದಿದ್ದರೂ ಬಡಗಿಯ ಸ್ಟೀಲ್ ಟೇಪ್ ಸಾಕು, ಏಕೆಂದರೆ ಚೈನ್‌ನ ಅಳತೆಯೇ ಇಂಚಿನಲ್ಲಿದೆ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುವುದರಿಂದ 1ರ ಗೆರೆಯಿಂದಲೇ ಅಳೆಯಬೇಕು. ಚೈನ್ ಬಿಗಿಯಾಗಿ ನಿಲ್ಲುವಂತೆ ಪೆಡಲನ್ನು ಮೆಲ್ಲಗೆ ಒತ್ತಿ ಹಿಡಿದು, ಒಂದು ಪಿನ್ನಿನ ನಟ್ಟನಡುವೆ 1ರ ಗೆರೆ ಬರುವಂತೆ ಟೇಪ್ ಇಟ್ಟರೆ, ಹೊಸ ಚೈನ್‌ನಲ್ಲಿ 24 ಕೊಂಡಿಗಳಾಚೆಯ ಪಿನ್ನು 13ರ ಗೆರೆಯ ಮೇಲೆ ಸರಿಯಾಗಿ ಕೂತಿರುತ್ತದೆ. ಸವೆದ ಚೈನ್‌ನಲ್ಲಿ ಅದು ಗೆರೆ ದಾಟಿರುತ್ತದೆ. ಒಂದೂವರೆ ಮಿಲಿಮೀಟರ್ ದಾಟಿದರೆ ಶೇಕಡಾ 0.5ರಷ್ಟು ಸವೆತ, 11 ಮತ್ತು 12 ಗೇರಿನ ಚೈನನ್ನು ಆಗಲೇ ಬದಲಿಸಬೇಕು. 10 ಗೇರಿನವರೆಗಿನ ದಪ್ಪ ಚೈನ್‌ಗಳನ್ನು ಶೇಕಡಾ 0.75ರವರೆಗೆ, ಅಂದರೆ ಸುಮಾರು 2.3 ಮಿ.ಮೀ. ದಾಟುವವರೆಗೆ ಬಳಸಬಹುದು. ಚೈನ್‌ಗೆ ಮಾಡುವ ಖರ್ಚನ್ನು ಮುಂದೂಡುವುದು ಖಂಡಿತ ಲಾಭವಲ್ಲ. ಸವೆದ ಚೈನ್ ತನಗಿಂತ ದುಬಾರಿಯಾದ ಕ್ಯಾಸೆಟ್ಟನ್ನು ತಿನ್ನುತ್ತದೆ, ಆಮೇಲೆ ಅದಕ್ಕಿಂತಲೂ ದುಬಾರಿಯಾದ ಚೈನ್‌ರಿಂಗ್‌ಗಳನ್ನು.

ಹೊಸ ಚೈನ್ ಹಾಕಿದ ಮರುದಿನವೇ ಜೋರಾಗಿ ತುಳಿದರೆ ಚೈನ್ ಜಾರತೊಡಗಿತು ಎಂಬ ದೂರಿಗೆ ವಿವರಣೆಯೂ ಇದೇ. ಹಳೆಯ ಚೈನ್, ಹಳೆಯ ಕ್ಯಾಸೆಟ್ ಜೊತೆಜೊತೆಗೆ ಸವೆದು ಹೊಂದಿಕೊಂಡಿದ್ದವು. ಹೊಸ ಚೈನ್‌ನ ಅರ್ಧ ಇಂಚು ನಿಖರವಾಗಿದ್ದು ಕೊಕ್ಕೆಯಾದ ಹಲ್ಲಿನಲ್ಲಿ ಕೂರುತ್ತಿಲ್ಲ. ಜಾರುವುದು ಎರಡು ಮೂರು ಚಕ್ರಗಳಲ್ಲಷ್ಟೇ ಆದರೆ ಅವು ಸವಾರ ಅತಿ ಹೆಚ್ಚು ಬಳಸಿದ ಗೇರುಗಳು ಎಂದು ತಿಳಿಯಬಹುದು. ಕ್ಯಾಸೆಟ್ ಬದಲಿಸದೆ ದಾರಿಯಿಲ್ಲ. ಎಲ್ಲ ಗೇರಿನಲ್ಲೂ, ಪೆಡಲ್ ಕೆಲವು ಸುತ್ತು ತಿರುಗಿದಾಗೊಮ್ಮೆ ತಾಳ ಹಾಕಿದಂತೆ ಜಿಗಿದರೆ ಅದು ಬೇರೆ ರೋಗ: ಯಾವುದೋ ಒಂದು ಕೊಂಡಿ ಬಿಗಿಯಾಗಿದೆ. ಪೆಡಲನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಜಾಕಿ ಚಕ್ರಗಳನ್ನೇ ನೋಡುತ್ತಿದ್ದರೆ ಆ ಕೊಂಡಿ ಬಂದಾಗ ಡಿರೇಲರ್ ಸಣ್ಣಗೆ ಕುಪ್ಪಳಿಸುತ್ತದೆ. ತುಕ್ಕಿನಿಂದ ಹಿಡಿದಿದ್ದರೆ ಒಂದು ಹನಿ ಎಣ್ಣೆ ಸಾಕು. ಜೋಡಿಸುವಾಗ ಪಿನ್ನು ಅತಿ ಒತ್ತಾಗಿದ್ದರೆ ಕೊಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಮೆಲ್ಲಗೆ ಬಾಗಿಸಿ ಸಡಿಲಿಸಬೇಕು.

ಚೈನ್‌ನ ಆಯಸ್ಸು ಬಹುಮಟ್ಟಿಗೆ ಎಣ್ಣೆಯ ಕೈಯಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಒರೆಸುವ ಬಟ್ಟೆಯ ಕೈಯಲ್ಲಿದೆ. ಎಣ್ಣೆ ಬೇಕಾದದ್ದು ರೋಲರಿನೊಳಗೆ, ಪಿನ್ನಿನ ಸುತ್ತ. ಹೊರಗೆ ಉಳಿದ ಎಣ್ಣೆ ಮಣ್ಣನ್ನು ಹಿಡಿದು ಕಪ್ಪು ಅಂಟಾಗುತ್ತದೆ, ಆ ಅಂಟೇ ಸಾಣೆಪುಡಿ. ಮೊದಲು ಹಳೆಯ ಕೊಳೆ ತೆಗೆಯಬೇಕು. ಅಂಗಡಿಗಳಲ್ಲಿ ಸೀಮೆಎಣ್ಣೆ ಅಥವಾ ಡೀಸೆಲ್ ಬಳಸಿ ತೊಳೆಯುವುದು ರೂಢಿ. ಕೊಳೆ ಬಿಡಿಸುವುದರಲ್ಲಿ ಅವು ಸಮರ್ಥವೇ, ಆದರೆ ಪೂರ್ತಿ ಆರುವ ಮೊದಲೇ ಹೊಸ ಎಣ್ಣೆ ಬಿಟ್ಟರೆ ಅದೂ ತೆಳುವಾಗಿ ಹರಿದುಹೋಗುತ್ತದೆ. ಡಿಸ್ಕ್ ಬ್ರೇಕಿನ ಸೈಕಲ್ಲಾದರೆ ಒಂದು ಹನಿಯೂ ಡಿಸ್ಕಿನ ಮೇಲೆ ಬೀಳಬಾರದು. ಬಿದ್ದರೆ ಬ್ರೇಕ್ ಹಿಡಿಯದು. ಚೈನ್ ಆರಿದ ಮೇಲೆ ಒಂದೊಂದು ರೋಲರಿಗೆ ಒಂದೊಂದು ಹನಿ ಬಿಟ್ಟು, ಪೆಡಲ್ ಹತ್ತಾರು ಸುತ್ತು ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಣ ಬಟ್ಟೆಯಲ್ಲಿ ಚೈನ್ ಹಿಡಿದು ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಬೇಕು. ಮುಟ್ಟಿದರೆ ಬೆರಳಿಗೆ ಹೆಚ್ಚು ಅಂಟಬಾರದು. ದಪ್ಪನೆಯ ಎಂಜಿನ್ ಆಯಿಲ್, ಗ್ರೀಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದವಲ್ಲ. ಒಳಗೆ ಇಳಿಯುವುದಿಲ್ಲ, ಹೊರಗೆ ಧೂಳು ಕೂಡಿಸುತ್ತವೆ. ತುಕ್ಕು ಬಿಡಿಸುವ ಸ್ಪ್ರೇಗಳು ತೆಳುವಾಗಿರುವುದರಿಂದ ಹೆಚ್ಚು ದಿನ ನಿಲ್ಲುವುದಿಲ್ಲ.

ಯಾವ ಎಣ್ಣೆ ಎಂಬುದಕ್ಕೆ ಊರು ನೋಡಿ ಉತ್ತರ. ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಸಾಲುಸಾಲಾಗಿ ಕೊಟ್ಟ ವಿಜಯಪುರ, ಬಾಗಲಕೋಟೆಗಳ ಬೇಸಿಗೆಯ ಒಣಧೂಳಿನ ರಸ್ತೆಗೆ ಡ್ರೈ ಲ್ಯೂಬ್ ಎಂಬ ತೆಳು ಬಗೆಯದು ಹೊಂದುತ್ತದೆ. ಅದು ಧೂಳು ಹಿಡಿಯುವುದು ಕಡಿಮೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಜಿಗುಟಾದ ವೆಟ್ ಲ್ಯೂಬ್ ಬೇಕು, ಜೊತೆಗೆ ಪದೇ ಪದೇ ಒರೆಸುವ ತಾಳ್ಮೆಯೂ. ಕಡಲತೀರದ ಉಪ್ಪುಗಾಳಿಗೆ ಒದ್ದೆ ಚೈನ್ ರಾತ್ರಿ ಬೆಳಗಾಗುವುದರೊಳಗೆ ಕೆಂಪಾಗುತ್ತದೆ, ಮಳೆಯಲ್ಲಿ ಓಡಿಸಿ ಬಂದ ಕೂಡಲೇ ಒರೆಸಿ ಎಣ್ಣೆ ಬಿಡುವುದೊಂದೇ ಉಪಾಯ. ಈಚೆಗೆ ಚೈನನ್ನು ಕರಗಿಸಿದ ಮೇಣದಲ್ಲಿ ಅದ್ದಿ ತೆಗೆಯುವ ಪದ್ಧತಿ ಹರಡುತ್ತಿದೆ. ಮೊದಲ ಸಲ ಕಾರ್ಖಾನೆಯ ಗ್ರೀಸ್ ಲವಲೇಶವೂ ಇಲ್ಲದಂತೆ ತೊಳೆಯಬೇಕಾದ್ದರಿಂದ ಶ್ರಮ ಹೆಚ್ಚು, ಆಮೇಲೆ ಚೈನ್ ಬೆಳ್ಳಗೆ, ಒಣಗಿದಂತೆ ಇದ್ದು ನಿಶ್ಶಬ್ದವಾಗಿ ಓಡುತ್ತದೆ. ಶ್ರಮಕ್ಕೆ ತಕ್ಕ ಫಲ ಇದೆ.

ವೈರಿಲ್ಲದೆ ಅಥವಾ ವಿದ್ಯುತ್ ತಂತಿಯಿಂದ ನಡೆಯುವ ಗೇರ್‌ಗಳಲ್ಲಿ ಕೇಬಲ್ಲಿನ ಕಾಟವಿಲ್ಲ. ಶಿಮಾನೊ 2009ರಲ್ಲಿ, ಸ್ರಾಮ್ 2015ರಲ್ಲಿ ಇವನ್ನು ರೋಡ್ ಸೈಕಲ್ಲಿಗೆ ತಂದವು. ಡಿರೇಲರನ್ನು ಪುಟ್ಟ ಮೋಟಾರ್ ಸರಿಸುತ್ತದೆ. ಒಮ್ಮೆ ಹೊಂದಿಸಿದರೆ ಬಹುಕಾಲ ಕದಲದು. ಆದರೆ ಹ್ಯಾಂಗರ್ ಬಾಗುವುದು, ಚೈನ್ ಸವೆಯುವುದು ಇಲ್ಲೂ ತಪ್ಪಿದ್ದಲ್ಲ. ಬ್ಯಾಟರಿ ಚಾರ್ಜಾಗಿದೆಯೇ ಎಂದು ನೋಡಿಕೊಳ್ಳುವ ಕೆಲಸವೊಂದು ಹೆಚ್ಚುವರಿ.

ದಾರಿಯಲ್ಲಿ ಕೆಟ್ಟರೆ ಏನು ಮಾಡಬೇಕೆಂಬುದನ್ನು ದೂರದ ಸವಾರಿ ಮಾಡುವವರು ಮೊದಲೇ ತಿಳಿದಿರಬೇಕು. ಬ್ರೆವೆ ಎಂಬ ಕಾಲಮಿತಿಯ ದೂರದ ಸವಾರಿಯಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕಾದಾಗ ಹೆದ್ದಾರಿ ಬದಿಯಲ್ಲಿ ಗೇರ್ ಸೈಕಲ್ ಬಲ್ಲ ಮೆಕ್ಯಾನಿಕ್ ಸಿಗುವ ಭರವಸೆಯಿಲ್ಲ. ಹಿಂದಿನ ಗೇರ್ ಕೇಬಲ್ ತುಂಡಾದರೆ ಸ್ಪ್ರಿಂಗ್ ಡಿರೇಲರನ್ನು ಅತಿ ಚಿಕ್ಕ, ಅತಿ ಭಾರದ ಚಕ್ರಕ್ಕೆ ತಳ್ಳಿಬಿಡುತ್ತದೆ. ಎಚ್ ಸ್ಕ್ರೂವನ್ನು ಒಳಕ್ಕೆ ತಿರುಗಿಸುತ್ತ ಹೋದರೆ ಒಂದೆರಡು ಚಕ್ರ ಒಳಗೆ ನಿಲ್ಲಿಸಬಹುದು. ಮುಂದೆ ಚಿಕ್ಕ ಚೈನ್‌ರಿಂಗ್‌ಗೆ ಇಳಿಸಿಕೊಂಡರೆ ಊರು ಮುಟ್ಟುವಷ್ಟು ಹಗುರಾಗುತ್ತದೆ. ಎಷ್ಟು ಸುತ್ತು ತಿರುಗಿಸಿದ್ದೆಂದು ಎಣಿಸಿಟ್ಟುಕೊಂಡರೆ ಹಿಂದಕ್ಕೆ ತರುವುದು ಸುಲಭ. ಚೈನ್ ತುಂಡಾದರೆ ಜೇಬಿನ ಚೈನ್ ಕಟರ್‌ನಿಂದ ಹಾಳಾದ ಕೊಂಡಿಗಳನ್ನು ತೆಗೆದು, ಕ್ವಿಕ್ ಲಿಂಕ್ ಎಂಬ ಎರಡು ಅರ್ಧಗಳ ಕೊಂಡಿಯಿಂದ ಸೇರಿಸಬೇಕು. ಈ ಲಿಂಕ್ ಸೈಕಲ್ಲಿನ ಗೇರ್ ಸಂಖ್ಯೆಗೆ ಮಾಡಿದ್ದೇ ಆಗಿರಬೇಕು, ಅದು ಕೂರುವ ಎರಡೂ ತುದಿಗಳು ಒಳಫಲಕದವೇ ಆಗಿರಬೇಕು. ಹೊರಗೆ ತಳ್ಳಿದ ಹಳೆಯ ಪಿನ್ನನ್ನೇ ಮತ್ತೆ ಹೊಡೆದು ಕೂರಿಸುವ ಉಪಾಯ ತೆಳು ಚೈನ್‌ಗಳಲ್ಲಿ ನಂಬುವಂಥದ್ದಲ್ಲ. ಪಿನ್ನಿನ ಅಗಲಿಸಿದ ತುದಿ ಕಿತ್ತುಹೋಗಿರುವುದರಿಂದ ಮುಂದಿನ ಏರಿನಲ್ಲೇ ಬಿಟ್ಟುಕೊಳ್ಳುತ್ತದೆ. ಕೊಂಡಿ ತೆಗೆದಷ್ಟು ಚೈನ್ ಗಿಡ್ಡವಾಗಿರುತ್ತದೆ. ಸರಿಯಾದ ಉದ್ದವೆಂದರೆ ಡಿರೇಲರ್ ಮೂಲಕ ಹಾಯಿಸದೆ ಮುಂದಿನ ದೊಡ್ಡದನ್ನೂ ಹಿಂದಿನ ಅತಿ ದೊಡ್ಡದನ್ನೂ ಸುತ್ತುವಷ್ಟು, ಅದರ ಮೇಲೆ ಒಂದು ಇಂಚು. ಗಿಡ್ಡವಾದ ಚೈನ್‌ನಲ್ಲಿ ಮನೆ ಸೇರುವವರೆಗೆ ಚಿಕ್ಕ ಚೈನ್‌ರಿಂಗ್‌ನಲ್ಲೇ ಇರಬೇಕು. ಮರೆತು ಎರಡೂ ಕಡೆ ದೊಡ್ಡದಕ್ಕೆ ಹಾಕಿದರೆ ಚೈನ್ ಹಗ್ಗದಂತೆ ಬಿಗಿದು ಡಿರೇಲರನ್ನು ಹ್ಯಾಂಗರ್ ಸಮೇತ ಕಿತ್ತುಹಾಕುತ್ತದೆ.